ಹಂಚಿನ ಲೋಡಿನವರು ಮತ್ತು ವಾಲಿಬಾಲ್ ಮಾಷ್ಟ್ರು

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೂ ಒಂದು ಕಾಲೇಜಿಗೆ ಮೂರು ವರ್ಷ ದಿನಾ ಹೋಗಿದ್ದೇನೆ. ಪಾಠಕ್ಕಲ್ಲ, ಆ ಕಾಲೇಜಿನ ಹುಡುಗರನ್ನು ಸೋಲಿಸಲಿಕ್ಕೆ. ಕರೆಸುತ್ತಿದ್ದದ್ದು ಅವರದೇ ಮಾಷ್ಟ್ರು.

ಕಾಲೇಜು ಬಂಟ್ವಾಳದ ಹತ್ತಿರ ಗುಡ್ಡದ ಮೇಲೆ. ನಾವು ಕೆಳಗೆ, ಪಾಣೆಮಂಗಳೂರಿನ ಕಡೆ, ಹೊಳೆ ಬದಿಯ ಹಂಚಿನ ಕಾರ್ಖಾನೆಯಲ್ಲಿ. ನನ್ನ ಕೆಲಸ ಲಾರಿಗೆ ಹಂಚು ಲೋಡು ಮಾಡುವುದು. ಹಂಚನ್ನು ಹೊತ್ತುಕೊಂಡು ಹೋಗಿ ಇಡುವುದಿಲ್ಲ. ಸಾಲಾಗಿ ನಿಂತು ಎರಡೆರಡು ಹಂಚು ಜೋಡಿಸಿ ಎಸೆಯುತ್ತೇವೆ. ಒಬ್ಬ ಹಿಡಿದು ಮುಂದಿನವನಿಗೆ, ಅವನು ಲಾರಿಯ ಮೇಲಿನವನಿಗೆ. ಹಿಡಿಯುವುದರಲ್ಲಿ ಒಂದೇ ಗುಟ್ಟು. ಹಂಚು ಕೈಗೆ ಬಂದಾಗ ಕೈಯೂ ಅದರ ಜೊತೆ ಸ್ವಲ್ಪ ಹಿಂದೆ ಹೋಗಬೇಕು. ಕೈ ಗಟ್ಟಿ ಮಾಡಿ ನಿಂತರೆ ಹಂಚು ಒಡೆಯುತ್ತದೆ, ಇಲ್ಲ ಬೆರಳು ಒಡೆಯುತ್ತದೆ. ಸರಿಯಾಗಿ ಹಿಡಿದರೆ ಸದ್ದೇ ಬರುವುದಿಲ್ಲ.

ಮಾಷ್ಟ್ರು ಒಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಇದನ್ನು ನೋಡಿದರಂತೆ. ನಾನು ಸೇರುವುದಕ್ಕಿಂತ ಮೊದಲಿನ ಸಂಗತಿ. ಬಂದ ಬಸ್ಸು ಹೋಯಿತು, ಅವರು ಲಾರಿ ತುಂಬುವ ತನಕ ನೋಡುತ್ತಾ ನಿಂತರಂತೆ. ಆಮೇಲೆ ನಮ್ಮ ಮೇಸ್ತ್ರಿಯ ಹತ್ತಿರ ಹೋಗಿ, ಇವರಲ್ಲಿ ಆರು ಜನರನ್ನು ಸಂಜೆ ಕಳಿಸಿಕೊಡಿ, ನನ್ನ ಹುಡುಗರು ಚೆಂಡಿಗೆ ಕೆನ್ನೆಗೆ ಹೊಡೆದ ಹಾಗೆ ಹೊಡೆಯುತ್ತಾರೆ, ಹಿಡಿಯುವುದು ಹೇಗೆಂದು ಇವರಿಂದ ಕಲಿಯಲಿ ಅಂದರಂತೆ. ಮೇಸ್ತ್ರಿ ಮೊದಲು ನಕ್ಕ, ಆಮೇಲೆ ಕಳಿಸಿದ.

ಅಲ್ಲಿಂದ ಅದೇ ಪದ್ಧತಿಯಾಯಿತು. ಸಂಜೆ ಐದಕ್ಕೆ ಕೆಲಸ ಬಿಟ್ಟು, ಹೊಳೆಯಲ್ಲಿ ಕೈಕಾಲು ತೊಳೆದು, ಗುಡ್ಡ ಹತ್ತಿ ಹೋಗಿ ಕಾಲೇಜಿನ ಟೀಮಿನ ಎದುರು ಆಡುವುದು. ನಮಗೆ ಚಾ ಮತ್ತು ಬನ್ಸು. ಹುಡುಗರಿಗೆ ಸೋಲು. ತಿಂಗಳಿಗೊಂದು ಆದಿತ್ಯವಾರ ಮಾಷ್ಟ್ರು ಹುಡುಗರನ್ನು ಕೆಳಗೆ ಕರೆದುಕೊಂಡು ಬಂದು ಒಂದು ಲಾರಿ ಹಂಚು ಲೋಡು ಮಾಡಿಸುತ್ತಿದ್ದರು. ಡಾಕ್ಟರ ಮಗ, ವಕೀಲರ ಮಗ, ದೊಡ್ಡ ಜಮೀನಿನ ಗುತ್ತಿನ ಮನೆಯವರ ಮಗ, ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು. ಹಳೆಯ ಹಂಚೇ ಕೊಡುತ್ತಿದ್ದೆವು, ಅಷ್ಟು ಒಡೆಯುತ್ತಿದ್ದರು. ಮೂರನೇ ತಿಂಗಳಿಗೆ ಒಡೆಯುವುದು ನಿಲ್ಲುತ್ತಿತ್ತು. ನಾಲ್ಕನೇ ತಿಂಗಳಿಗೆ ಅವರು ಚೆಂಡು ಎತ್ತಿ ಕೊಡುವ ಲಿಫ್ಟ್ ನೋಡಬೇಕು, ಚೆಂಡು ಬೆರಳಿಗೆ ತಾಗಿದ್ದೇ ಕೇಳುತ್ತಿರಲಿಲ್ಲ. ಮೊದಲು ಯಾವ ಟೂರ್ನಮೆಂಟಿಗೆ ಹೋದರೂ ಮೊದಲ ಆಟಕ್ಕೇ ಗಂಟು ಕಟ್ಟಿ ವಾಪಸು ಬರುತ್ತಿದ್ದ ಕಾಲೇಜು ಅದು. ಮಾಷ್ಟ್ರ ಕಾಲದಲ್ಲಿ ಫೈನಲಿಗೆ ಬರದ ವರ್ಷವೇ ಕಡಿಮೆ.

ಮಾಷ್ಟ್ರು ಸಪೂರ ಜನ. ಕುತ್ತಿಗೆಯಲ್ಲಿ ಕಪ್ಪು ನೂಲಿನ ಸೀಟಿ. ಬೊಬ್ಬೆ ಹೊಡೆದದ್ದು ನಾನು ಕೇಳಿಲ್ಲ. ಅವರದ್ದೊಂದು ಕ್ರಮ ಇತ್ತು. ಮೈದಾನದ ಗೆರೆಯ ಒಳಗೆ ಕನ್ನಡ, ಗೆರೆ ದಾಟಿದರೆ ತುಳು. ಗೆರೆಯ ಒಳಗೆ ಲೋಡಿನವನಿಗೂ ವಕೀಲರ ಮಗನಿಗೂ ಒಂದೇ ಮಾತು, ಒಂದೇ ಬೈಗುಳ. ಹೊರಗೆ ಬಂದರೆ ಮನೆಯಲ್ಲಿ ಊಟ ಆಯಿತಾ, ತಂಗಿಯ ಮದುವೆ ಎಲ್ಲಿಗೆ ಬಂತು ಎಂದು ವಿಚಾರಿಸುತ್ತಿದ್ದರು. ನನ್ನನ್ನು ಎಡಚ ಎನ್ನುತ್ತಿದ್ದರು, ನಾನು ಎಡಗೈಯಲ್ಲಿ ಹೊಡೆಯುವವನಾದ್ದರಿಂದ. ಕಾಲೇಜಿನ ಆರು ಜನರಲ್ಲಿ ಎಡಗೈಯವನು ಒಬ್ಬನೂ ಇರಲಿಲ್ಲ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಮೂಡಬಿದ್ರೆಯಲ್ಲಿ ಕಾಲೇಜುಗಳ ಟೂರ್ನಮೆಂಟು ಇತ್ತು. ಅದರ ರೋಲಿಂಗ್ ಶೀಲ್ಡು ದೊಡ್ಡದು, ಗೆದ್ದ ಕಾಲೇಜಿನ ಹೆಸರನ್ನು ಸಣ್ಣ ಬೆಳ್ಳಿ ತಗಡಿನಲ್ಲಿ ಕೆತ್ತಿಸಿ ಅದಕ್ಕೆ ಹೊಡೆಯುತ್ತಿದ್ದರು. ಟೂರ್ನಮೆಂಟಿಗೆ ಒಂದು ವಾರ ಇರುವಾಗ ಮಾಷ್ಟ್ರ ತಾಯಿ ತೀರಿಕೊಂಡರು. ಅವರ ಮನೆ ಅಳದಂಗಡಿಯಲ್ಲಿ. ಉತ್ತರಕ್ರಿಯೆಯ ಬೊಜ್ಜ ಮುಗಿಯುವ ತನಕ ಅವರು ಮನೆ ಬಿಡುವಂತಿರಲಿಲ್ಲ. ಅವರು ಇಲ್ಲದಿದ್ದರೂ ಪ್ರಾಕ್ಟೀಸು ನಿಲ್ಲಬಾರದು ಎಂದು ನಾವು ಆಡುತ್ತಲೇ ಇದ್ದೆವು. ಸೋಮವಾರ ನಾನು ಹೊಡೆದ ಒಂದು ಶೂಟು ಕಾಲೇಜಿನವರ ಒಳ್ಳೆಯ ಶೂಟರನ ಬೆರಳಿಗೆ ಬಡಿಯಿತು. ಬೆರಳು ಹಿಂದಕ್ಕೆ ಮಡಚಿ ಊದಿಕೊಂಡಿತು. ಟೂರ್ನಮೆಂಟು ಶುಕ್ರವಾರ.

ಮರುದಿನ ಅವರ ಕ್ಯಾಪ್ಟನ್ ಕಾರ್ಖಾನೆಗೇ ಬಂದ. ನಾನು ಸಾಲಿನಲ್ಲಿ ನಿಂತಿದ್ದೆ. ಹಂಚು ಎಸೆಯುವ ನಡುವೆಯೇ ಹೇಳಿದ.

"ಮುರಿದದ್ದು ನೀನು ಮಾರಾಯ. ತುಂಬುವುದೂ ನೀನೇ."

ಅಂದರೆ ಆ ಹುಡುಗನ ಹೆಸರಿನಲ್ಲಿ ನಾನು ಆಡಬೇಕು. ಪ್ರಿನ್ಸಿಪಾಲರ ಸೀಲು ಬಿದ್ದ ಹೆಸರುಗಳ ಪಟ್ಟಿಯೊಂದು ಬಿಟ್ಟರೆ ಆಗ ಬೇರೇನೂ ಇರಲಿಲ್ಲ. ಫೋಟೋ ಗೀಟೋ ಯಾರೂ ಕೇಳುತ್ತಿರಲಿಲ್ಲ. ನನಗೆ ಆಗ ಹತ್ತೊಂಬತ್ತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬೆರಳು ಮುರಿದ ಪಾಪ ಒಂದು ಕಡೆ, ಆಡುವ ಆಸೆ ಇನ್ನೊಂದು ಕಡೆ. ಸತ್ಯ ಹೇಳುವುದಾದರೆ ಆಸೆಯೇ ಜಾಸ್ತಿ.

ನಮ್ಮ ಜೊತೆ ಬಂದದ್ದು ಕಾಮರ್ಸಿನ ಲೆಕ್ಚರರು. ವಾಲಿಬಾಲಿಗೆ ಎಷ್ಟು ಜನ ಎಂಬುದೂ ಅವರಿಗೆ ಗೊತ್ತಿರಲಿಲ್ಲ. ಮರದ ಅಡಿಯಲ್ಲಿ ಪೇಪರು ಓದುತ್ತಾ ಕುಳಿತರು. ಆಟ ಶುರುವಾಗುವ ಮೊದಲು ಅಂಪೈರು ಒಬ್ಬೊಬ್ಬರದೇ ಹೆಸರು ಕೂಗಿದ. ನನ್ನದೆಂದು ಬರೆದಿದ್ದ ಹೆಸರು ಕೂಗಿದಾಗ ನಾನು ಮರ ನೋಡುತ್ತಾ ನಿಂತಿದ್ದೆ. ಕ್ಯಾಪ್ಟನ್ ಪಕ್ಕೆಗೆ ತಿವಿದ. ಆಗ ಕೈ ಎತ್ತಿದೆ, ಅದೂ ಎಡಗೈ.

ಫೈನಲು ಮೂಡಬಿದ್ರೆಯವರ ಎದುರೇ. ಗೆದ್ದೆವು. ಹೇಗೆ ಗೆದ್ದೆವು ಎಂದು ವರ್ಣಿಸಲಿಕ್ಕೆ ನನಗೆ ಬರುವುದಿಲ್ಲ. ಹೊಡೆದದ್ದೆಲ್ಲ ನೆಲಕ್ಕೆ ಬಿತ್ತು, ಅಷ್ಟೆ. ಅವರ ಮಾಷ್ಟ್ರು, ದಪ್ಪ ಕನ್ನಡಕದ ಮನುಷ್ಯ, ತಾವೇ ಬಂದು ನನ್ನ ಕೈ ಕುಲುಕಿ ಒಳ್ಳೆಯ ಆಟ ಅಂದರು. ಲೆಕ್ಚರರು ಪೇಪರು ಮಡಚಿ, ಆ ಹುಡುಗನ ಹೆಸರು ಹಿಡಿದು ನನ್ನನ್ನು ಕರೆದು, ನೀನು ಕ್ಲಾಸಿನಲ್ಲಿ ಕಾಣುವುದೇ ಇಲ್ಲವಲ್ಲ ಎಂದು ಎಲ್ಲರ ಎದುರು ಬುದ್ಧಿ ಹೇಳಿದರು. ಹುಡುಗರು ನಗು ತಡೆಯಲಾಗದೆ ನೀರು ಕುಡಿಯಲು ಓಡಿದರು. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಶೀಲ್ಡು ನನ್ನ ತೊಡೆಯ ಮೇಲೇ ಇಟ್ಟರು. ಎಲ್ಲರೂ ಹಾಡು ಹೇಳುತ್ತಿದ್ದರು. ಮಾಷ್ಟ್ರಿಗೆ ಗೊತ್ತಾದರೆ ಎಂಬುದು ನನಗೆ ಆಗ ತಲೆಗೆ ಹೋಯಿತು. ಅಲ್ಲಿಯ ತನಕ ಹೋಗಿರಲಿಲ್ಲ. ತಲೆ ನನ್ನದು ಸ್ವಲ್ಪ ನಿಧಾನ.

ಮಾಷ್ಟ್ರ ಹೆಸರೆಂದರೆ ಹಾಗಿತ್ತು. ಚೆಂಡು ತಮ್ಮ ಹುಡುಗನ ಬೆರಳಿಗೆ ತಾಗಿ ಹೊರಗೆ ಹೋಯಿತೆಂದು ಅಂಪೈರಿಗೆ ಕಾಣದಿದ್ದರೆ ಇವರೇ ಹೇಳುತ್ತಿದ್ದರು. ಅಂಥವರ ಕಾಲೇಜು ಕಳ್ಳ ಹೆಸರಿನಲ್ಲಿ ಗೆದ್ದಿತು ಎಂದು ಯಾರಾದರೂ ಬಾಯಿಬಿಟ್ಟರೆ ಹೋಗುವುದು ನನ್ನ ಮಾನವಲ್ಲ. ನನಗೆ ಮಾನ ಎಲ್ಲಿಂದ ಬರಬೇಕು, ಲೋಡಿನವನು. ಹೋಗುವುದು ಅವರದು.

ಆದ್ದರಿಂದ ನಾನು ಗುಡ್ಡ ಹತ್ತುವುದು ಬಿಟ್ಟೆ. ಮಾಷ್ಟ್ರು ಬೊಜ್ಜ ಮುಗಿಸಿ ಬಂದ ಮೇಲೆ ಎರಡು ಸಲ ಹೇಳಿ ಕಳಿಸಿದರು, ಎಡಚನನ್ನು ಬರಲಿಕ್ಕೆ ಹೇಳಿ ಎಂದು. ಬೈಯಲಿಕ್ಕೆ ಎಂದುಕೊಂಡೆ. ಹೋಗಲಿಲ್ಲ. ನಾನು ಬಿಟ್ಟ ಮೇಲೆ ಉಳಿದ ಲೋಡಿನವರೂ ಒಬ್ಬೊಬ್ಬರಾಗಿ ಬಿಟ್ಟರು. ನಾನು ಲಾರಿ ಹತ್ತಿ ಕ್ಲೀನರಾದೆ, ಆಮೇಲೆ ಡ್ರೈವರಾದೆ. ಅದೇ ಕಾರ್ಖಾನೆಯ ಹಂಚು ಹೇರಿಕೊಂಡು ಬೆಳ್ತಂಗಡಿ, ಚಾರ್ಮಾಡಿ ಘಾಟಿ ದಾಟಿ ಆಚೆ. ಮಾಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ದೂರದಿಂದ ಕಂಡರೆ ನಾನು ಲಾರಿಯ ಆಚೆ ಬದಿಗೆ ಹೋಗಿ ಟಯರು ನೋಡುತ್ತಿದ್ದೆ. ಹೀಗೆ ಏಳು ವರ್ಷ ಟಯರು ನೋಡಿದ್ದೇನೆ.

ಲಾರಿಯಲ್ಲಿ ಓಡಾಡುವಾಗ ಒಂದು ವಿಷಯ ಗಮನಕ್ಕೆ ಬಂತು. ಮಾಷ್ಟ್ರ ಹುಡುಗರು ಎಲ್ಲ ಕಡೆ ಶಾಲೆ ಮಾಷ್ಟ್ರುಗಳಾಗಿದ್ದರು. ಯಾವ ಶಾಲೆಯ ಮೈದಾನದಲ್ಲಿ ಮಕ್ಕಳು ಎರಡು ಸಾಲಾಗಿ ನಿಂತು ಹಳೆ ಹಂಚು ಎಸೆದು ಹಿಡಿಯುತ್ತಾರೋ ಅಲ್ಲಿ ಅವರ ಹುಡುಗ ಇದ್ದಾನೆಂದು ಲೆಕ್ಕ. ಹೆಣ್ಣುಮಕ್ಕಳೂ ಎಸೆಯುತ್ತಿದ್ದರು, ಗಂಡುಮಕ್ಕಳಿಗಿಂತ ಕಡಿಮೆ ಒಡೆಯುತ್ತಿದ್ದರು.

ಕಕ್ಕಿಂಜೆಯಲ್ಲಿ ಘಾಟಿ ಹತ್ತುವ ಮೊದಲು ನಾನು ಚಾಕ್ಕೆ ನಿಲ್ಲಿಸುವುದು. ಕಳೆದ ವರ್ಷ ಹಾಗೆ ನಿಲ್ಲಿಸಿದಾಗ ಪಕ್ಕದ ಶಾಲೆಯಲ್ಲಿ ಮಕ್ಕಳು ಹಂಚು ಎಸೆಯುತ್ತಿದ್ದರು. ನೋಡಿದರೆ ಸೀಟಿ ಹಿಡಿದು ನಿಂತವನು ನಮ್ಮ ಹಳೆಯ ಕ್ಯಾಪ್ಟನ್. ತಲೆ ಮುಂದಿನಿಂದ ಬೋಳಾಗಿತ್ತು. ನನ್ನನ್ನು ನೋಡಿ ಖುಷಿಪಟ್ಟ, ಚಾ ಹೇಳಿದ. ಒಂದು ಗುಟುಕು ಕುಡಿದ ಮೇಲೆ ಖುಷಿ ಇಳಿಯಿತು.

ಮಾಷ್ಟ್ರು ಆ ತಿಂಗಳು ರಿಟೈರಾಗುವವರಿದ್ದರು. ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಆದಿತ್ಯವಾರ ಕಾಲೇಜಿನಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಮಾನಪತ್ರ ಬರೆಯುವ ಕೆಲಸ ಇವನಿಗೆ ಬಂದಿತ್ತು. ಗೆದ್ದ ಶೀಲ್ಡುಗಳನ್ನೆಲ್ಲ ಒಂದೂ ಬಿಡದೆ ಬರೆಯಬೇಕೆಂದು ಎಲ್ಲರೂ ಹೇಳಿದ್ದರಂತೆ. ಮೂಡಬಿದ್ರೆಯದ್ದನ್ನೂ ಬರೆದಿದ್ದಾನೆ, ಬಿಟ್ಟರೆ ಯಾಕೆ ಬಿಟ್ಟೆ ಎಂದು ಕೇಳುತ್ತಾರಲ್ಲ. ಶಾಲು ಹೊದಿಸಲಿಕ್ಕೆ ಬರುವವರು ಯಾರೆಂದರೆ ಮೂಡಬಿದ್ರೆಯ ಆ ದಪ್ಪ ಕನ್ನಡಕದ ಮಾಷ್ಟ್ರು.

"ನೀನು ಮಾತ್ರ ಬರಬೇಡ ಮಾರಾಯ, ಕೈ ಮುಗೀತೇನೆ," ಅಂದ. "ಅವರು ನಿನ್ನ ಗುರುತು ಹಿಡಿದರೆ ಸ್ಟೇಜಿನ ಮೇಲೆಯೇ ಆಯ್ತು ಕತೆ. ನನಗೆ ಸರ್ಕಾರಿ ಕೆಲಸ ಉಂಟು, ಮಕ್ಕಳುಂಟು."

"ನಾನು ಬರದಿದ್ದರೆ ಸರಿಯಾಗ್ತದಾ?" ಎಂದು ಕೇಳಿದೆ.

"ಸುಮ್ಮನಿದ್ದರೆ ಎಲ್ಲ ಸರಿಯಾಗ್ತದೆ," ಅಂದ.

ಘಾಟಿ ಹತ್ತುವಾಗ ಅದೇ ತಲೆಯಲ್ಲಿ. ಹನ್ನೆರಡು ತಿರುವು ಇದೆ ಎನ್ನುತ್ತಾರೆ, ಒಂದೊಂದು ತಿರುವಿಗೂ ಮೈಕಿನಲ್ಲಿ ಆ ಸುಳ್ಳು ಓದುವುದು ಕೇಳಿಸುತ್ತಿತ್ತು. ಸುಳ್ಳು ಏಳು ವರ್ಷ ಬಾಯಿ ಮುಚ್ಚಿಕೊಂಡು ಇತ್ತು. ಈಗ ಅದನ್ನು ಕಾಗದದ ಮೇಲೆ ಬರೆದು, ಚೌಕಟ್ಟು ಹಾಕಿಸಿ ಮಾಷ್ಟ್ರ ಕೈಗೇ ಕೊಡುತ್ತಾರೆ. ಅವರು ಅದನ್ನು ಮನೆಯ ಗೋಡೆಗೆ ಹಾಕುತ್ತಾರೆ. ಸುಮ್ಮನಿದ್ದರೆ ಸರಿಯಾಗುವ ಕೆಲಸ ಇದಲ್ಲ ಎಂದು ಕಂಡಿತು. ವಾಪಸು ಬರುವಾಗ ಖಾಲಿ ಲಾರಿಯನ್ನು ಗುರುವಾಯನಕೆರೆಯಲ್ಲಿ ಬಲಕ್ಕೆ ತಿರುಗಿಸಿ ಸೀದಾ ಅಳದಂಗಡಿಗೆ ಬಿಟ್ಟೆ. ಶನಿವಾರ ಮಧ್ಯಾಹ್ನ.

ಮಾಷ್ಟ್ರು ಜಗಲಿಯಲ್ಲಿ ಕುಳಿತು ಹಳೆ ಚೆಂಡಿನ ಹೊಲಿಗೆ ಹಾಕುತ್ತಿದ್ದರು. ಲಾರಿಯ ಸದ್ದಿಗೆ ತಲೆ ಎತ್ತಿದರು. ಎಡಚ ಅಲ್ವಾ ಎಂದು ತುಳುವಿನಲ್ಲಿ ಕೇಳಿ, ಒಳಗೆ ಕೂಗಿ ಬೆಲ್ಲ ನೀರು ತರಿಸಿದರು. ಮದುವೆಯಾಯಿತಾ, ತಾಯಿ ಹೇಗಿದ್ದಾರೆ ಎಂದು ವಿಚಾರಿಸಿದರು. ನಾನು ನೀರು ಮುಟ್ಟಲಿಲ್ಲ. ಕುಡಿದರೆ ಹೇಳಲಿಕ್ಕಾಗುವುದಿಲ್ಲ ಅನಿಸಿತು. ನಿಂತಲ್ಲಿಂದಲೇ ಹೇಳಿದೆ. ಬೆರಳು, ಹೆಸರು, ಫೈನಲು, ಎಲ್ಲ. ಕ್ಯಾಪ್ಟನ್ ಕರೆದ ಎನ್ನಲಿಲ್ಲ, ನಾನೇ ಹೋದೆ ಅಂದೆ. ನಾಳೆ ಅದನ್ನು ಮಾನಪತ್ರದಲ್ಲಿ ಓದುತ್ತಾರೆ ಎಂದೂ ಹೇಳಿದೆ.

ಮಾಷ್ಟ್ರು ಸೂಜಿಯನ್ನು ಚೆಂಡಿಗೆ ಚುಚ್ಚಿ ಇಟ್ಟರು. ಆಮೇಲೆ ಕನ್ನಡಕ್ಕೆ ಬಂದರು. ಜಗಲಿಯಲ್ಲಿ ಗೆರೆ ಇರಲಿಲ್ಲ, ಆದರೂ ನಾವು ಗೆರೆಯ ಒಳಗೆ ಬಂದೆವೆಂದು ನನಗೆ ಗೊತ್ತಾಯಿತು.

"ಏಳು ವರ್ಷ ಬೇಕಾಯ್ತಾ ಮಾರಾಯ?" ಅಂದರು.

ನನಗೆ ಅರ್ಥವಾಗಲಿಲ್ಲ. ಅವರು ಒಳಗೆ ಹೋಗಿ ಒಂದು ಪೋಸ್ಟ್‌ಕಾರ್ಡು ತಂದರು. ನನಗೆ ಕೂಡಿಸಿ ಓದಲಿಕ್ಕೆ ಹೊತ್ತು ಬೇಕಾಗುತ್ತದೆಂದು ಅವರೇ ಓದಿದರು. ಮೂಡಬಿದ್ರೆಯ ಮಾಷ್ಟ್ರು ಆಗ, ಟೂರ್ನಮೆಂಟು ಮುಗಿದ ಮೂರನೇ ದಿನ, ಬರೆದದ್ದು. ತಾಯಿ ಹೋದ ದುಃಖಕ್ಕೆ ಎರಡು ಸಾಲು. ಆಮೇಲೆ, ನೀವು ಇಲ್ಲದಿದ್ದರೂ ನಿಮ್ಮ ಹುಡುಗರು ನಿಮ್ಮ ಹೆಸರು ಉಳಿಸಿದರು, ಆ ಎಡಗೈಯ ಹುಡುಗ ಒಬ್ಬನೇ ಸಾಕು ಆರು ಜನಕ್ಕೆ, ಅವನನ್ನು ಯೂನಿವರ್ಸಿಟಿ ಟೀಮಿಗೆ ಕಳಿಸಿ ಎಂದು. ಒಳ್ಳೆಯ ಮನಸ್ಸಿನಿಂದ ಹೊಗಳಿದ್ದು. ಹೊಗಳಿಕೆಯೇ ನಮ್ಮನ್ನು ಹಿಡಿದುಕೊಟ್ಟಿತ್ತು.

"ನನ್ನ ಟೀಮಿನಲ್ಲಿ ಎಡಗೈಯವ ಯಾರಿದ್ದ?" ಎಂದು ಮಾಷ್ಟ್ರು ಕೇಳಿದರು. ಕೇಳಿದ್ದು ಉತ್ತರಕ್ಕಲ್ಲ.

ಬೊಜ್ಜ ಮುಗಿದ ಮರುದಿನವೇ ಅವರು ಕಾಲೇಜಿಗೆ ಬಂದು, ಶೀಲ್ಡನ್ನು ಗೋಣಿಯಲ್ಲಿ ಸುತ್ತಿ, ಮೂಡಬಿದ್ರೆಯ ಬಸ್ಸು ಹತ್ತಿದ್ದರು. ಆ ಮಾಷ್ಟ್ರ ಎದುರು ಗೋಣಿ ಬಿಚ್ಚಿ ಇಟ್ಟು ಆದದ್ದು ಹೇಳಿದರು. ಅವರು, ಇರಲಿ ಇಟ್ಟುಕೊಳ್ಳಿ, ಯಾರಿಗೂ ಗೊತ್ತಿಲ್ಲವಲ್ಲ ಅಂದರಂತೆ. ನನಗೆ ಗೊತ್ತುಂಟಲ್ಲ ಎಂದು ಇವರು ಹೇಳಿದರಂತೆ. ಕೇಳಿಕೊಂಡದ್ದು ಒಂದೇ. ಯೂನಿವರ್ಸಿಟಿಗೆ ಬರೆಯಬೇಡಿ, ಹುಡುಗರ ಭವಿಷ್ಯ ಹಾಳಾಗುತ್ತದೆ ಎಂದು. ತಗಡಿನಲ್ಲಿ ಆ ವರ್ಷಕ್ಕೆ ಮೂಡಬಿದ್ರೆಯವರ ಹೆಸರೇ ಕೆತ್ತಿದ್ದಾರೆ. ಕಾಲೇಜಿನಲ್ಲಿ ಶೀಲ್ಡು ಎಲ್ಲಿ ಎಂದು ಹುಡುಗರು ಕೇಳಿದಾಗ ಭದ್ರವಾಗಿ ಉಂಟು ಅಂದರು. ಅದು ಸುಳ್ಳಲ್ಲ. ಯಾರ ಹತ್ತಿರ ಎಂದು ಹೇಳಲಿಲ್ಲ, ಅಷ್ಟೆ.

ಯಾಕೆ ನಮಗೆ ಹೇಳಲಿಲ್ಲ ಎಂದು ಕೇಳಿದೆ. ನನಗೆ ಸಿಟ್ಟೇ ಬಂದಿತ್ತು. ಏಳು ವರ್ಷ ಟಯರು ನೋಡಿದ ಸಿಟ್ಟು.

"ಹೇಳಬೇಕಾದವರು ನೀವು. ಅದಕ್ಕೇ ಅಲ್ವಾ ಎರಡು ಸಲ ಹೇಳಿ ಕಳಿಸಿದ್ದು," ಅಂದರು. "ನೀನು ಬರಲಿಲ್ಲ. ನೀನು ಬಾರದೆ ನಿನ್ನ ಲೋಡಿನವರೂ ಬರಲಿಲ್ಲ. ನನ್ನ ಹುಡುಗರಿಗೆ ಎದುರು ನಿಂತು ಆಡುವವರೇ ಇಲ್ಲ. ಎರಡು ವರ್ಷ ಮೊದಲ ಆಟಕ್ಕೇ ಸೋತೆವು. ಅದರ ಸಿಟ್ಟು ನನಗೆ ಈಗಲೂ ಉಂಟು. ಶೀಲ್ಡಿನದ್ದು ಆಗಲೇ ಮುಗಿದಿದೆ."

ಜಗಲಿಯ ಮೆಟ್ಟಿಲ ಮೇಲೆ ಕುಳಿತು ಒಂದೇ ಉಸಿರಿಗೆ ಆ ಬೆಲ್ಲ ನೀರು ಕುಡಿದೆ. ಇನ್ನೊಂದು ಲೋಟ ಕೇಳಿ ಕುಡಿದೆ. ಮಾನಪತ್ರದ ಸಂಗತಿ ಅವರಿಗೆ ಗೊತ್ತಿರಲಿಲ್ಲ. ಒಳ್ಳೆಯದಾಯಿತು ಬಂದದ್ದು ಅಂದರು. ತಾವೇ ಕೈಯಾರೆ ಕೊಟ್ಟು ಬಂದ ಶೀಲ್ಡನ್ನು ಅದೇ ಮನುಷ್ಯನ ಎದುರು ಗೆದ್ದೆವೆಂದು ಓದಿಸಿದ್ದರೆ ಸ್ಟೇಜಿನಿಂದ ಇಳಿದು ನೇರ ಹೊಳೆಗೇ ಹಾರಬೇಕಿತ್ತು ಎಂದು ನಕ್ಕರು. ಅವರು ಹಾಗೆ ಹೊಟ್ಟೆ ಕುಣಿಸಿ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು. ಒಂದು ಚೀಟಿ ಬರೆದು ಕೊಟ್ಟರು, ಕ್ಯಾಪ್ಟನಿಗೆ. ಆ ಸಾಲು ಹೊಡೆದುಹಾಕು ಎಂದು ಒಂದೇ ವಾಕ್ಯ.

ಅದೇ ಸಂಜೆ ಮತ್ತೆ ಕಕ್ಕಿಂಜೆಗೆ ಹೋಗಿ ಶೀಲ್ಡಿನ ಕತೆ ಹೇಳಿ ಚೀಟಿ ಕೊಟ್ಟೆ. ಕ್ಯಾಪ್ಟನ್ ಓದಿ, ಎರಡನೇ ಸಲ ಓದಿ, ಶಾಲೆಯ ಕಟ್ಟೆಯ ಮೇಲೆ ಕುಳಿತುಬಿಟ್ಟ. ನನ್ನನ್ನು ಬೈದ. ಆಮೇಲೆ ಮಾಷ್ಟ್ರನ್ನು ಬೈದ. ಆಮೇಲೆ ಕಣ್ಣು ಒರೆಸಿಕೊಂಡು, ಚೌಕಟ್ಟು ಹಾಕಿಸಿ ಆಗಿದೆಯಲ್ಲ ಮಾರಾಯ, ಈಗ ಬಿಚ್ಚಬೇಕು, ಮೊಳೆ ಕೀಳಲಿಕ್ಕೆ ಇಕ್ಕಳ ಉಂಟಾ ಎಂದು ಕೇಳಿದ. ಲಾರಿಯ ಟೂಲ್ಸಿನ ಪೆಟ್ಟಿಗೆ ತಂದೆ. ಇಬ್ಬರೂ ಸೇರಿ ಬಿಚ್ಚಿದೆವು. ಬೇರೆ ಕಾಗದಕ್ಕೆ ಬರೆದ. ನಾನು ಓದುತ್ತಾ ನಿಂತೆ, ಅಂದರೆ ಓದುವವನ ಹಾಗೆ ನಿಂತೆ.

ಆದಿತ್ಯವಾರ ಹೋದೆ. ಹಳೆ ಲೋಡಿನವರನ್ನೂ ಲಾರಿಯಲ್ಲಿ ಹತ್ತಿಸಿಕೊಂಡು ಹೋದೆ. ಮಾನಪತ್ರ ಓದಿದರು, ಆ ವರ್ಷ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಮೂಡಬಿದ್ರೆಯ ಮಾಷ್ಟ್ರು ಮಾತ್ರ ನಮ್ಮ ಮಾಷ್ಟ್ರ ಕಡೆ ತಿರುಗಿ ಒಮ್ಮೆ ತಲೆ ಆಡಿಸಿದರು. ಭಾಷಣ ನಾಲ್ಕು ಜನ ಮಾಡಿದರು. ಅವರು ಸಹನೆ, ಶಿಸ್ತು, ಸಾಧನೆ ಎಂದೆಲ್ಲ ಹೇಳಿದರು. ಹಂಚಿನ ವಿಷಯ ಒಬ್ಬನೂ ಹೇಳಲಿಲ್ಲ. ಮಾಷ್ಟ್ರು ತಮ್ಮ ಸರದಿ ಬಂದಾಗ, ಇಷ್ಟು ಶೀಲ್ಡಿಗೆ ಕಾರಣ ಅಲ್ಲಿ ಹಿಂದೆ ಕೂತಿರುವವರು ಎಂದು ನಮ್ಮ ಕಡೆ ಕೈ ತೋರಿಸಿ ಕುಳಿತುಬಿಟ್ಟರು. ಎಲ್ಲರೂ ತಿರುಗಿ ನೋಡಿದರು. ನಮ್ಮವರು ಬೀಡಿ ಅಡಗಿಸಿದರು.

ಚಾ ಕುಡಿದ ಮೇಲೆ ಹಳೆ ವಿದ್ಯಾರ್ಥಿಗಳಿಗೂ ಲೋಡಿನವರಿಗೂ ಒಂದು ಆಟ ಇಟ್ಟರು. ಪಂಚೆ ಮೇಲೆ ಕಟ್ಟಿಕೊಂಡು ಇಳಿದೆವು. ಮೂಡಬಿದ್ರೆಯ ಮಾಷ್ಟ್ರು ಸ್ಕೋರ್ ಪುಸ್ತಕ ತೆಗೆದುಕೊಂಡು ಕುರ್ಚಿ ಎಳೆದು ಗೆರೆಯ ಬದಿಯಲ್ಲಿ ಕುಳಿತರು. ಒಬ್ಬೊಬ್ಬರ ಹೆಸರು ಬರೆದುಕೊಂಡು ನನ್ನ ಹತ್ತಿರ ಬಂದಾಗ ಪೆನ್ನು ನಿಂತಿತು. ದಪ್ಪ ಕನ್ನಡಕದ ಮೇಲಿನಿಂದ ನನ್ನ ಎಡಗೈ ನೋಡಿದರು.

"ಈ ಸಲ ನಿನ್ನ ಹೆಸರು ಎಂತ?" ಎಂದು ಕೇಳಿದರು.

ನನ್ನ ಹೆಸರು ಹೇಳಿದೆ. ಬರೆದುಕೊಂಡರು. ಸ್ಕೋರ್ ಪುಸ್ತಕದಲ್ಲಿ ನನ್ನ ಹೆಸರು ಅದೇ ಮೊದಲು. ಬಗ್ಗಿ ನೋಡಿದೆ, ಅದನ್ನು ಓದಲಿಕ್ಕೆ ನನಗೆ ಬರುತ್ತದೆ.

ಮೊದಲ ಸರ್ವಿಸು ನನ್ನದೇ. ನಮ್ಮ ಮಾಷ್ಟ್ರು ಸೀಟಿ ಊದಿದರು. ಎಡಗೈಯಲ್ಲಿ ಜೋರಾಗಿ ಹೊಡೆದೆ. ಚೆಂಡು ಸೀದಾ ಹೋಗಿ ನೆಟ್ಟಿಗೆ ಬಡಿದು ನಮ್ಮ ಕಡೆಗೇ ಬಿತ್ತು. ಏಳು ವರ್ಷ ಪ್ರಾಕ್ಟೀಸು ಬಿಟ್ಟರೆ ಇನ್ನೇನಾಗುತ್ತದೆ ಎಂದು ಮಾಷ್ಟ್ರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ಕನ್ನಡದಲ್ಲಿ.